ಮೊದಲು ಒಂದು ಬಾಟಲಿ ನೀರು ತನ್ನಿ

ಫೆಬ್ರವರಿಯಲ್ಲಿ ರೋಬಸ್ಟಾ ಕುಯ್ಲು ಮುಗಿದ ಮೇಲೆ ಎರಡು ಕಾರುಗಳನ್ನು ನೋಡಿ ಬಂದೆ. ಒಂದು 2012ರ ಬಿಎಂಡಬ್ಲ್ಯು ಝಡ್4, ಕೊಚ್ಚಿಯಲ್ಲಿತ್ತು. ಇನ್ನೊಂದು 2015ರ ಆಡಿ ಎ3 ಕ್ಯಾಬ್ರಿಯೋಲೆ, ಬೆಂಗಳೂರಿನದು. ಎರಡೂ ಮಾಡು, ಅಂದರೆ ಮೇಲ್ಛಾವಣಿ, ತೆರೆಯುವ ಕಾರುಗಳು, ಎರಡೂ ಬಳಸಿದವು, ಕೇಳಿದ ಬೆಲೆಯಲ್ಲೂ ದೊಡ್ಡ ಅಂತರವಿರಲಿಲ್ಲ. ಕೊನೆಗೆ ಆಡಿಯನ್ನು ತೆಗೆದುಕೊಂಡೆ. ಅಂದಿನಿಂದ ಗೆಳೆಯರು, ನೆಂಟರು, ಕಡೆಗೆ ಪೆಟ್ರೋಲ್ ಬಂಕಿನ ಹುಡುಗರು ಕೂಡ ಕೇಳುತ್ತಿರುವುದು ಒಂದೇ: ಝಡ್4 ಸಿಗುತ್ತಿರುವಾಗ ಬಟ್ಟೆಯ ಮಾಡಿನ ಕಾರನ್ನು ಯಾರಾದರೂ ಕೊಡಗಿಗೆ ತರುತ್ತಾರೆಯೇ? ಫೋನಿನಲ್ಲಿ ಅರ್ಧಂಬರ್ಧ ಹೇಳಿ ಸಾಕಾಗಿದೆ. ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಒಣಗದ ಊರು ನಮ್ಮದು, ನಿಜ. ಆದರೆ ತೆರೆದ ಗಾಡಿ ನಮಗೆ ಹೊಸದಲ್ಲ. ನಮ್ಮ ಅಪ್ಪನ ಕಾಲದಲ್ಲಿ ತೋಟದ ಮನೆಗಳಲ್ಲಿದ್ದ ಜೀಪುಗಳೆಲ್ಲ ಕ್ಯಾನ್ವಾಸ್ ಹುಡ್ಡಿನವೇ. ಬೇಸಿಗೆಯಲ್ಲಿ ಹುಡ್ ಬಿಚ್ಚಿ ಕಣದ ಮೂಲೆಯಲ್ಲಿ ಸುತ್ತಿಟ್ಟರೆ ಅದನ್ನು ಮತ್ತೆ ಕಟ್ಟುತ್ತಿದ್ದುದು ಮಳೆ ಹಿಡಿದ ಮೇಲೆಯೇ. ಕಾಫಿ ಹೂವಿನ ಕಾಲದಲ್ಲಿ ಆ ಜೀಪಿನ ಹಿಂದೆ ನಿಂತು ಶ್ರೀಮಂಗಲದ ರಸ್ತೆಯಲ್ಲಿ ಹೋದದ್ದು ನನಗೆ ಇಂದಿಗೂ ಮೂಗಿನಲ್ಲಿದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮೂರು ನಾಲ್ಕು ದಿನ ಆ ಪರಿಮಳ ಇರುತ್ತದೆ, ಅಷ್ಟೇ. ಗಾಜು ಏರಿಸಿ ಎಸಿ ಹಾಕಿಕೊಂಡು ಅದರ ನಡುವೆ ಹಾದುಹೋಗುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ನಾನು ಕಾರು ಹುಡುಕಿದ್ದು ಇದಕ್ಕಾಗಿ, ವೇಗಕ್ಕಾಗಿ ಅಲ್ಲ.

ಝಡ್4ನ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಅದನ್ನು ಬಿಟ್ಟು ಬರುವಾಗ ಮನಸ್ಸು ನಿಜವಾಗಿಯೂ ಭಾರವಾಗಿತ್ತು. ಮೂರು ಲೀಟರಿನ ಎಂಜಿನ್, ಸಾಲಾಗಿ ಆರು ಸಿಲಿಂಡರು, ಎರಡು ಟರ್ಬೊ, 306 ಅಶ್ವಶಕ್ತಿ, ಎಲ್ಲವೂ ಹಿಂದಿನ ಚಕ್ರಕ್ಕೆ. ಬಾನೆಟ್ ಅಷ್ಟು ಉದ್ದ, ಚಾಲಕ ಹೆಚ್ಚುಕಡಿಮೆ ಹಿಂದಿನ ಆಕ್ಸಲ್ಲಿನ ಮುಂದೆಯೇ ಕುಳಿತಿರುತ್ತಾನೆ. ಗುಂಡಿ ಒತ್ತಿದರೆ ಅಲ್ಯೂಮಿನಿಯಂ ಮಾಡು ಎರಡು ತುಂಡಾಗಿ ಮಡಚಿ, ಇಪ್ಪತ್ತು ಸೆಕೆಂಡಿನಲ್ಲಿ ಡಿಕ್ಕಿಯೊಳಗೆ ಮಲಗುತ್ತದೆ. ಅದನ್ನು ನೋಡಿ ಸುಮ್ಮನಿರುವುದು ಕಷ್ಟ. ಯಂತ್ರವೆಂದು ಮಾತ್ರ ತೂಗಿದರೆ ಆಡಿ ಅದರ ಪಕ್ಕಕ್ಕೂ ಬರುವುದಿಲ್ಲ. ಆಡಿಯದು 1.8 ಲೀಟರ್, 180 ಅಶ್ವಶಕ್ತಿ, ಮುಂದಿನ ಚಕ್ರ ಎಳೆಯುವ ಸಾಧಾರಣ ಏರ್ಪಾಡು.

ಕೊಚ್ಚಿಗೆ ನಾನೊಬ್ಬನೇ ಹೋಗಿರಲಿಲ್ಲ. ನಮ್ಮ ಜೀಪನ್ನು ಮೂವತ್ತು ವರ್ಷದಿಂದ ನೋಡಿಕೊಳ್ಳುತ್ತಿರುವ ಗೋಣಿಕೊಪ್ಪಲಿನ ಮೆಕ್ಯಾನಿಕ್ ಇಕ್ಕ ಜೊತೆಗಿದ್ದರು. ಮಾಕುಟ್ಟ ಘಾಟಿ ಇಳಿಯುವಾಗಲೇ ಅವರು ಹೇಳಿದ್ದರು, 2018ರಲ್ಲಿ ಆ ಕಡೆ ಇದ್ದ ಗಾಡಿಯಾದರೆ ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಬೇಕು ಎಂದು. ಆ ಆಗಸ್ಟ್ ನಮಗೂ ಗೊತ್ತಿದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದ ದಿನಗಳಲ್ಲೇ ಪೆರಿಯಾರ್ ನದಿ ಉಕ್ಕಿ ಕೊಚ್ಚಿಯ ಪಕ್ಕದ ಆಲುವಾ ಮುಳುಗಿತ್ತು. ಕಾರನ್ನು ಎಷ್ಟೇ ತೊಳೆದರೂ ಬೆಲ್ಟಿನ ಕೊನೆಯ ಒಂದು ಮೊಳ ಸುರುಳಿಯೊಳಗೇ ಇರುತ್ತದೆ, ಕೆಸರಿನ ಗೆರೆ ಅಲ್ಲಿ ಉಳಿದುಬಿಡುತ್ತದೆ. ಝಡ್4ನ ಬೆಲ್ಟ್ ಎಳೆದೆವು. ತುದಿಯವರೆಗೂ ಶುಭ್ರ. ಸಂತೋಷವಾಯಿತು.

ಮಾಲೀಕರು ಬಾನೆಟ್ ತೆರೆಯಲು ಹೋದರು. ಇಕ್ಕ ತಡೆದರು. "ಎಂಜಿನ್ ಆಮೇಲೆ ನೋಡೋಣ ಸಾರ್. ಮೊದಲು ಒಂದು ಬಾಟಲಿ ನೀರು ತನ್ನಿ."

ಮಾಡು ತೆರೆಯುವ ಕಾರುಗಳಲ್ಲಿ ಮಾಡಿನ ಅಂಚಿಗೆ ಬಿದ್ದ ನೀರನ್ನು ಹಿಡಿದು ಕೆಳಗೆ ಬಿಡಲು ಸಣ್ಣ ಕಾಲುವೆಗಳೂ ಬೆರಳಿಗಿಂತ ಸಪೂರವಾದ ಕೊಳವೆಗಳೂ ಇರುತ್ತವೆ. ನಮ್ಮ ಹೆಂಚಿನ ಮನೆಯ ಸೂರಿನಲ್ಲಿ ಮಳೆನೀರು ಹಿಡಿಯುವ ದೋಣಿ ಇದ್ದ ಹಾಗೆ. ಅದಕ್ಕೆ ಎಲೆ ಕಟ್ಟಿದರೆ ನೀರು ಒಳಕ್ಕೇ ಬರುತ್ತದೆ. ಇಕ್ಕ ಹಿಂದಿನ ಗಾಜಿನ ಪಕ್ಕದ ಕಾಲುವೆಗೆ ನಿಧಾನವಾಗಿ ನೀರು ಸುರಿದರು. ನಾನು ಹಿಂದಿನ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಕಾಯುತ್ತಿದ್ದೆ. ಅರ್ಧ ಬಾಟಲಿ ಖಾಲಿಯಾದರೂ ನೆಲಕ್ಕೆ ಒಂದು ಹನಿ ಬೀಳಲಿಲ್ಲ. ಡಿಕ್ಕಿಯ ಚಾಪೆ ಎತ್ತಿದಾಗ ಕೆಳಗಿನ ಫೆಲ್ಟ್ ಕಪ್ಪಾಗಿ ಒದ್ದೆಯಾಗಿತ್ತು, ಅದೂ ಆ ದಿನದ ನೀರಿನಿಂದ ಮಾತ್ರ ಆದದ್ದಲ್ಲ. ಹಳೆಯ ಬೂಷ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಇದು ಕಾರು ಮಾಡಿದವರ ತಪ್ಪಲ್ಲ. ವರ್ಷಗಟ್ಟಲೆ ಮಾವಿನ ಮರದ ಕೆಳಗೆ ನಿಲ್ಲಿಸಿದ್ದರು, ಎಲೆ ತೆಗೆದವರಿರಲಿಲ್ಲ. ಆದರೆ ಲೋಹದ ಮಾಡನ್ನು ಎತ್ತಿ ಮಡಚಲು ಹೈಡ್ರಾಲಿಕ್ ಪಂಪು, ಸೆನ್ಸರು, ಮತ್ತೆ ಮತ್ತೆ ಮಡಚಿಕೊಳ್ಳುವ ವೈರುಗಳು ಬೇಕು. ತೇವ ಒಳಹೊಕ್ಕ ಕಾರಿನಲ್ಲಿ ಇವುಗಳಲ್ಲಿ ಯಾವುದು ಯಾವಾಗ ಕೈಕೊಡುತ್ತದೆ ಎಂದು ಹೇಳಲಾಗುವುದಿಲ್ಲ. ಕೈಕೊಟ್ಟ ದಿನ ಮಾಡು ಅರ್ಧಕ್ಕೆ ನಿಂತಿದ್ದು, ಕುಟ್ಟದ ಕಡೆಯಿಂದ ಮಳೆ ಬರುತ್ತಿದ್ದರೆ?

ಬೆಂಗಳೂರಿನ ಆಡಿಗೂ ಅದೇ ಬಾಟಲಿಯ ಪರೀಕ್ಷೆ. ಸುರಿದ ನೀರು ಎರಡು ಉಸಿರಿನೊಳಗೆ ಚಕ್ರದ ಮುಂದೆ ನೆಲಕ್ಕೆ ಬಿತ್ತು. ಇಕ್ಕ ಏನೂ ಹೇಳಲಿಲ್ಲ, ಬಾಟಲಿಯ ಮುಚ್ಚಳ ತಿರುಗಿಸಿದರು.

ಬಟ್ಟೆಯ ಮಾಡು ಕೊಡಗಿನಲ್ಲಿ ಕೊಳೆಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒದ್ದೆಯಾಗಿರುವಾಗ ಮಡಚಿಟ್ಟರೆ ಕೊಳೆಯುತ್ತದೆ. ಒದ್ದೆ ಛತ್ರಿಯನ್ನು ಮಡಚಿಟ್ಟರೂ ಹಾಗೆಯೇ. ಮಳೆಗಾಲದಲ್ಲಿ ಶೆಡ್ಡಿನೊಳಗೆ, ಮಾಡು ಮುಚ್ಚಿ ನಿಲ್ಲಿಸಬೇಕು, ಮೆತ್ತನೆಯ ಬ್ರಷ್ಷಿನಿಂದ ಆಗಾಗ ಧೂಳು ಬಿಡಿಸಬೇಕು, ಬಟ್ಟೆಯ ಮಾಡಿಗೆಂದೇ ಸಿಗುವ ನೀರು ನಿಲ್ಲದ ದ್ರಾವಣವನ್ನು ಮಳೆಗೆ ಮುಂಚೆ ಒಮ್ಮೆ ಹಚ್ಚಬೇಕು. ಕಾಳುಮೆಣಸಿನ ಬಳ್ಳಿಗೆ ವರ್ಷಕ್ಕೆ ಎಷ್ಟು ಸಲ ಬೋರ್ಡೋ ದ್ರಾವಣ ಹೊಡೆಯುತ್ತೇವೆ ಎಂದು ನೆನೆಸಿಕೊಂಡರೆ ಇದು ಏನೇನೂ ಅಲ್ಲ. ಹದಿನೆಂಟು ಸೆಕೆಂಡಿನಲ್ಲಿ, ಗಂಟೆಗೆ 50 ಕಿ.ಮೀ. ವೇಗದವರೆಗೆ ಓಡುತ್ತಿರುವಾಗಲೇ ಮುಚ್ಚಿಕೊಳ್ಳುತ್ತದೆ ಎನ್ನುವುದು ನಮ್ಮ ಮಳೆಗೆ ದೊಡ್ಡ ಅನುಕೂಲ.

ಕಾಗದಪತ್ರದ ಲೆಕ್ಕವೂ ಇತ್ತು. ಕೇರಳದ ಕಾರಿಗೆ ಎನ್‌ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಮರುನೋಂದಣಿ ಮಾಡಿಸಿ ಕರ್ನಾಟಕದ ತೆರಿಗೆ ಕಟ್ಟಬೇಕು. 2012ರ ಕಾರಿನ ಹದಿನೈದು ವರ್ಷದ ನೋಂದಣಿ 2027ಕ್ಕೇ ಮುಗಿಯುತ್ತದೆ. ಆಮದು ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 40,000 ರೂಪಾಯಿ ಶುಲ್ಕ. ಆಡಿಯೂ ಆಮದಿನದೇ, ಆದರೆ ಅದಕ್ಕೆ ಇನ್ನೂ ಮೂರು ವರ್ಷ ಹೆಚ್ಚು ಸಮಯವಿದೆ.

ಟೈರಿನ ವಿಷಯದಲ್ಲಿ ಝಡ್4 ನಮ್ಮ ರಸ್ತೆಗೆ ಹೇಳಿಸಿದ್ದಲ್ಲ. ಕಂಪನಿಯಿಂದ ಬರುವುದು ಗಾಳಿ ಹೋದರೂ ಓಡುವ ಗಟ್ಟಿ ಟೈರು, ಸ್ಟೆಪ್ನಿ ಇಲ್ಲ. ಸಿದ್ದಾಪುರ, ಮಾಲ್ದಾರೆ ಕಡೆ ಸಂಜೆ ಆನೆ ದಾಟುವ ಜಾಗದಲ್ಲಿ ಟೈರಿನ ಅಂಚು ಹರಿದು ನಿಲ್ಲುವುದನ್ನು ನಾನು ಯೋಚಿಸಲೂ ಬಯಸುವುದಿಲ್ಲ.

ಇಷ್ಟೆಲ್ಲ ಇಲ್ಲದಿದ್ದರೂ ನಾನು ಆಡಿಯನ್ನೇ ತರುತ್ತಿದ್ದೆನೇನೋ, ಏಕೆಂದರೆ ಅದರಲ್ಲಿ ನಾಲ್ಕು ಸೀಟುಗಳಿವೆ. ಮಾರ್ಚ್‌ನಲ್ಲಿ ಹೂಮಳೆ ಬಿದ್ದ ಒಂಬತ್ತನೆಯ ದಿನ ಬೆಳಗ್ಗೆ ಏಳು ಗಂಟೆಗೆ ಅವ್ವನನ್ನು ಮುಂದೆ ಕೂರಿಸಿಕೊಂಡೆ. ಅವ್ವನಿಗೆ ಎಪ್ಪತ್ತೆಂಟು. ತಂಗಿಯ ಇಬ್ಬರು ಮಕ್ಕಳು ಹಿಂದೆ. ಪೊನ್ನಂಪೇಟೆ ದಾಟಿ ಮಾಡು ತೆರೆದೆ. ಎರಡೂ ಕಡೆ ತೋಟ, ಸಿಲ್ವರ್ ಓಕ್ ಮರಗಳ ನಡುವಿನಿಂದ ಓರೆಯಾಗಿ ಬಿಸಿಲು, ಕಾರನ್ನು ನಿಧಾನಿಸಿದರೆ ಎಂಜಿನ್ನಿನ ಸದ್ದಿಗಿಂತ ಜೇನುಹುಳುಗಳ ಸದ್ದೇ ಜೋರು. ಮಕ್ಕಳು ಮಾತು ನಿಲ್ಲಿಸಿದ್ದರು. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಹಳ ಹೊತ್ತು ತೋಟಗಳನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು, "ಹೂ ಚೆನ್ನಾಗಿ ಬಂದಿದೆ. ಬ್ಯಾಕಿಂಗ್ ಮಳೆ ಸರಿಯಾದ ಹೊತ್ತಿಗೆ ಬರಬೇಕು." ಹೂವಾದ ಮೇಲೆ ಕಾಯಿ ಕಟ್ಟಲು ಬೇಕಾದ ಎರಡನೆಯ ಮಳೆ ಅದು. ಎರಡೇ ಸೀಟಿನ ಕಾರು ತಂದಿದ್ದರೆ ಆ ಬೆಳಗ್ಗೆ ಯಾರನ್ನು ಮನೆಯಲ್ಲಿ ಬಿಡಬೇಕಿತ್ತು?

ಆಡಿಯಲ್ಲೂ ಎಚ್ಚರ ಬೇಕಾದ ಸಂಗತಿ ಒಂದಿದೆ, ಕೊಳ್ಳುವವರು ಮರೆಯಬಾರದು. ಏಳು ಗೇರಿನ ಎರಡು ಕ್ಲಚ್ಚಿನ ಗೇರ್‌ಬಾಕ್ಸನ್ನು ಬಯಲು ರಸ್ತೆಯಲ್ಲಿ ಓಡಿಸಿ ತೃಪ್ತರಾಗಬೇಡಿ. ಏರಿನಲ್ಲಿ ನಿಲ್ಲಿಸಿ, ತೆವಳುವ ವೇಗದಲ್ಲಿ ಹತ್ತಿಸಿ, ಅದೇ ಏರಿನಲ್ಲಿ ರಿವರ್ಸ್ ತೆಗೆದು ನೋಡಿ. ನಡುಗಿದರೆ, ಜಗ್ಗಿದರೆ ಕ್ಲಚ್ಚಿನ ಖರ್ಚು ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ.

ಇಬ್ಬರೇ ಇರುವವರು, ನೆಲಮಹಡಿಯಲ್ಲಿ ಒಣ ಪಾರ್ಕಿಂಗ್ ಇರುವವರು, ಚೆನ್ನಾಗಿ ನೋಡಿಕೊಂಡ ಝಡ್4 ಸಿಕ್ಕರೆ ಹಿಂದೆಮುಂದೆ ನೋಡದೆ ತೆಗೆದುಕೊಳ್ಳಿ. ಅಂಥ ಎಂಜಿನ್ ಮತ್ತೆ ಮತ್ತೆ ಸಿಗುವುದಿಲ್ಲ.

ಕೊಚ್ಚಿಯ ಮಾಲೀಕರಿಗೆ ನಾನು ಆಮೇಲೆ ಫೋನು ಮಾಡಿದೆ. ಕೊಳವೆಗೆ ಕಬ್ಬಿಣದ ತಂತಿ ಹಾಕಬೇಡಿ, ತೂತಾಗುತ್ತದೆ. ಕಳೆ ಕೊಚ್ಚುವ ಯಂತ್ರಕ್ಕೆ ಹಾಕುವ ನೈಲಾನ್ ದಾರವನ್ನು ನಿಧಾನವಾಗಿ ಇಳಿಸಿ, ಚಾಪೆ ತೆಗೆದು ಒಂದು ವಾರ ಬಿಸಿಲಿಗೆ ಬಿಡಿ ಎಂದೆ. ಹಾಗೆಯೇ ಮಾಡಿದರಂತೆ. ಒಂದು ಮುಷ್ಟಿ ಕೊಳೆತ ಮಾವಿನ ಎಲೆ ಹೊರಗೆ ಬಂದ ಫೋಟೊ ಕಳುಹಿಸಿದ್ದಾರೆ.