ಪರಿಹಾರದ ಹಣ ಮತ್ತು ಅಕ್ಕತಂಗಿಯರ ಸಹಿ

ಆಲಮಟ್ಟಿ ಜಲಾಶಯದ ಎತ್ತರ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಮುಳುಗುವ ಹೊಲಗಳಿಗೆ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ದರ ಗೊತ್ತುಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ. ಹೊಲ ಕಳೆದುಕೊಳ್ಳುವವರಿಗೆ ಇದು ಯಾರೋ ಕೊಡುವ ಭಿಕ್ಷೆಯಲ್ಲ. ಬೇಗ ಬರಲಿ, ಪೂರ್ತಿ ಬರಲಿ. ಆದರೆ ಆ ದರ ಕಿವಿಗೆ ಬಿದ್ದಾಗಿನಿಂದ ಬಾಗಲಕೋಟೆ ಸುತ್ತಿನ ನಮ್ಮ ಕೆಲವು ಕ್ರೈಸ್ತ ಮನೆಗಳಲ್ಲಿ ನಡೆಯುತ್ತಿರುವುದನ್ನು ನೋಡಿ ಸುಮ್ಮನಿರಲು ಆಗುತ್ತಿಲ್ಲ.

ಮದುವೆಯಾಗಿ ಹೋದ ಅಕ್ಕನಿಗೆ ಫೋನ್ ಹೋಗುತ್ತದೆ: "ಒಂದು ದಿನ ಬಂದು ಸಹಿ ಮಾಡಿ ಹೋಗು." ಬರುತ್ತಾಳೆ. ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿಯೇ ಇರುತ್ತದೆ. ಹೆಬ್ಬೆಟ್ಟು ಒತ್ತುತ್ತಾಳೆ, ಫೋಟೊ ತೆಗೆಯುತ್ತಾರೆ. ತವರಿನಲ್ಲಿ ಊಟ, ಒಂದು ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಬಸ್ ನಿಲ್ದಾಣದವರೆಗೆ ತಮ್ಮನ ಬೈಕು. ಅಪ್ಪನ ಹೊಲದಲ್ಲಿ ಅವಳ ಪಾಲು ಅಷ್ಟಕ್ಕೇ ಮುಗಿಯಿತು. ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಮಗಳಿಗೂ ಮಗನಷ್ಟೇ ಪಾಲು ಕೊಡುತ್ತದೆಂದು ಯಾರೂ ಅವಳಿಗೆ ಹೇಳುವುದಿಲ್ಲ. ಗೊತ್ತಿದ್ದರೂ ತವರು ಮುನಿದೀತೆಂದು ಅವಳೇ ಬಾಯಿ ತೆರೆಯುವುದಿಲ್ಲ.

ಲೂಕನ ಸುವಾರ್ತೆಯ 12ನೇ ಅಧ್ಯಾಯ ತೆರೆದು ನೋಡಿ. ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟು ಅದೇ ರಾತ್ರಿ ಪ್ರಾಣ ಬಿಡಬೇಕಾದ ಐಶ್ವರ್ಯವಂತನ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ನಮಗೆಲ್ಲ ಬಾಯಿಪಾಠ. ಅದನ್ನು ಯೇಸು ಹೇಳಿದ ಸಂದರ್ಭವನ್ನು ಮಾತ್ರ ಮರೆಯುತ್ತೇವೆ. ಗುಂಪಿನಿಂದ ಒಬ್ಬನು, ಆಸ್ತಿಯಲ್ಲಿ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಎಂದು ಕೇಳಿದ್ದ. ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ ಸ್ವಾಮಿ ಕೊಟ್ಟ ಉತ್ತರವೇ ಆ ಸಾಮ್ಯ.

ಆ ಐಶ್ವರ್ಯವಂತ ಕಳ್ಳನಲ್ಲ, ಬಡ್ಡಿಕೋರನೂ ಅಲ್ಲ. ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೇ. ನನಗೆ ಹೆದರಿಕೆ ಹುಟ್ಟಿಸುವುದು ಇದೇ. ಅವನ ಮಾತನ್ನು ನಿಧಾನವಾಗಿ ಓದಿದರೆ ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಜೀವ. ಅಲ್ಲಿ ಹೆಂಡತಿಯಿಲ್ಲ, ಒಡಹುಟ್ಟಿದವರಿಲ್ಲ, ಕೊಯ್ದ ಕೂಲಿಯವರೂ ಇಲ್ಲ. ಲೋಭ ಮನುಷ್ಯನನ್ನು ಕೆಡಿಸುವುದು ಹೀಗೆಯೇ: ನ್ಯಾಯವಾದ ಹಣದ ಬಾಗಿಲಿನಿಂದಲೇ ಒಳಗೆ ಬಂದು, ಉಳಿದವರನ್ನೆಲ್ಲ ಹೊರಗೆ ಹಾಕುತ್ತದೆ. ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾರಿರಿ ಎಂದ ಸ್ವಾಮಿಯ ಮುಂದೆಯೇ ಮೊಣಕಾಲೂರಿ, "ನಮ್ಮ ತಂದೆಯೇ" ಎಂದು ಪ್ರಾರ್ಥಿಸುವಾಗ ಆ "ನಮ್ಮ" ಎಂಬುದರಲ್ಲಿ ಅಕ್ಕ ಇಲ್ಲವೇ?

ಪರಿಹಾರ ಬಂದ ಮೇಲೆ ಕೃತಜ್ಞತಾ ಕಾಣಿಕೆಯೂ ಬರುತ್ತದೆ. ದೊಡ್ಡ ಮೊತ್ತ, ಆರಾಧನೆಯಲ್ಲಿ ಹೆಸರು ಓದಿಸುತ್ತಾರೆ, ಎಲ್ಲರೂ ಆಮೆನ್ ಎನ್ನುತ್ತಾರೆ. ಸುವಾರ್ತೆಯಲ್ಲಿ ಬರುವ ಸುಂಕದವ ಜಕ್ಕಾಯನೂ ಕೊಟ್ಟ, ಆದರೆ ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದು ಅದೇ ಉಸಿರಿನಲ್ಲಿ ಹೇಳಿದ.

ನಮ್ಮ ಚರ್ಚುಗಳ ಸಭಾಪಾಲಕರಲ್ಲಿ ನನ್ನ ವಿನಂತಿ ಇದು. ಆ ಕಾಣಿಕೆಯ ಲಕೋಟೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಒಂದು ಮಾತು ಕೇಳಿ: ಅಕ್ಕತಂಗಿಯರ ಪಾಲು ಕೊಟ್ಟಾಯಿತೇ? ಇಲ್ಲವೆಂದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂಬ ಮತ್ತಾಯನ 5ನೇ ಅಧ್ಯಾಯದ ಮಾತನ್ನು ಕಾಣಿಕೆ ತಂದವನಿಗೇ ಓದಿ ಕೇಳಿಸಿ, ಲಕೋಟೆ ಹಿಂದಿರುಗಿಸಿ. ಸಭೆಯ ಕಟ್ಟಡದ ಕೆಲಸ ಒಂದು ವರ್ಷ ತಡವಾದರೂ ಚಿಂತೆಯಿಲ್ಲ.