ಸತ್ಯಾಂಶ: ಅಳದ ಮಗು ಹೊಂದಿಕೊಂಡ ಮಗುವೇ?

"ವಿದೇಶಿ ಅನಾಥಾಲಯದಿಂದ ದತ್ತು ತಂದ ಮಗು ಅಳದೆ, ಯಾರು ಕರೆದರೂ ಹೋದರೆ ಚೆನ್ನಾಗಿ ಹೊಂದಿಕೊಂಡಿದೆ ಎಂದರ್ಥ." ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ತಪ್ಪು.

1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದ ಮೇಲೆ ರೊಮೇನಿಯಾದಿಂದ ಬ್ರಿಟನ್‌ಗೆ ದತ್ತು ಹೋದ 165 ಮಕ್ಕಳನ್ನು ಮಕ್ಕಳ ಮನೋವೈದ್ಯ ಮೈಕೆಲ್ ರಟ್ಟರ್ ತಂಡ ವರ್ಷಗಟ್ಟಲೆ ಗಮನಿಸಿತು. ಹೆಚ್ಚಿನವರು ಅನಾಥಾಲಯದವರು. ಅಲ್ಲಿ 6 ತಿಂಗಳು ಮೀರಿ ಇದ್ದ ಹಲವರು ಅಪರಿಚಿತರ ಹಿಂದೆಯೂ ಅಳುಕಿಲ್ಲದೆ ಹೋಗುತ್ತಿದ್ದರು. ಪಾಳಿಗೊಬ್ಬ ಆಯಾ ಬದಲಾಗುವಲ್ಲಿ 'ನನ್ನವರು' ಯಾರೆಂದು ಮಗು ಕಲಿಯುವುದಾದರೂ ಹೇಗೆ? ಅತ್ತರೂ ಯಾರೂ ಬಾರದಿದ್ದರೆ ಅಳುವುದನ್ನೇ ಬಿಡುತ್ತದೆ.

ಹಾಗಾಗಿ ಮೊದಲ ಕೆಲವು ವಾರ ಉಣಿಸುವುದು, ಸ್ನಾನ, ಮಲಗಿಸುವುದು ಅಪ್ಪ-ಅಮ್ಮನ ಕೈಯಲ್ಲೇ ಇರಲಿ. ಅಜ್ಜಿ-ತಾತ ಪಕ್ಕದಲ್ಲಿ ಕೂತು ಆಡಿಸಲಿ, ಎತ್ತಿಕೊಳ್ಳುವುದು ಆಮೇಲೆ. (ಬೇಸರ ಮಾಡಿಕೊಂಡಾರು, ಮೊದಲೇ ಹೇಳಿಡಿ.) ನೆಂಟರನ್ನೆಲ್ಲ ಕರೆಯುವ ಸಮಾರಂಭ ಮುಂದಕ್ಕೆ ಹಾಕಿ. ಅನಾಥಾಲಯದಿಂದ ತಂದ ಬಟ್ಟೆಯನ್ನು ತಕ್ಷಣ ಒಗೆಯಬೇಡಿ. ಹೊಸ ಮನೆಯಲ್ಲಿ ಮಗುವಿಗೆ ಗೊತ್ತಿರುವುದು ಆ ವಾಸನೆಯೊಂದೇ. ರಾತ್ರಿ ಮಗುವಿನ ಕೋಣೆಯಲ್ಲೇ ಮಲಗಿ. ಬ್ರೆಡ್ ಚೂರನ್ನು ದಿಂಬಿನಡಿ ಬಚ್ಚಿಟ್ಟರೆ ಕಿತ್ತುಕೊಳ್ಳಬೇಡಿ, ಗದರಲೂಬೇಡಿ. 2–3 ಗಂಟೆಗೊಮ್ಮೆ ತುಸು ತಿನ್ನಲು ಕೊಡುತ್ತಿದ್ದರೆ ಹಸಿವಿನ ಭಯ ಮೆಲ್ಲಗೆ ಕರಗುತ್ತದೆ.

ಕೆಲ ತಿಂಗಳ ನಂತರ ಅಮ್ಮ ಬಾಗಿಲು ದಾಟಿದೊಡನೆ ಮಗು ರಂಪ ಮಾಡಿದರೆ ಗಾಬರಿ ಬೇಡ. ಅದೇ ಒಳ್ಳೆಯ ಲಕ್ಷಣ: 'ನನ್ನವರು' ಯಾರೆಂದು ಮಗು ಕಲಿಯುತ್ತಿದೆ.