ಕೊಡಗಿನಲ್ಲಿ ಸಮುದಾಯ ತೋಟ ಮಾಡುವವರು ಮೊದಲು ನೀರಿಗೆ ದಾರಿ ಮಾಡಿ

ಜೂನ್ 5ರ ಪರಿಸರ ದಿನ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಬಡಾವಣೆಗಳಲ್ಲಿ ಪಾಳುಬಿದ್ದ ಪಾರ್ಕ್ ಜಾಗಕ್ಕೆ ಜನ ಗುದ್ದಲಿ ಹಿಡಿದು ಇಳಿಯುತ್ತಾರೆ. ಊರಿನ ನಡುವೆ ಒಂದಷ್ಟು ಹಸಿರು ಉಳಿಸಲು ಸ್ವಂತ ಸಮಯ ಕೊಡುವವರ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ತರಕಾರಿ ತೋಟವನ್ನು ಆ ದಿನ ಶುರು ಮಾಡಬಾರದು ಎಂದು ಖಂಡಿತವಾಗಿ ಹೇಳುತ್ತೇನೆ. ಮರದ ಸಸಿಗೆ ಅದು ಒಳ್ಳೆಯ ಹೊತ್ತು, ಬದನೆ, ಟೊಮೆಟೊ, ಬೀನ್ಸ್‌ಗೆ ಅಲ್ಲ. ಆಗಷ್ಟೇ ಅಗೆದ ಸಡಿಲ ಮಣ್ಣನ್ನು ಜುಲೈ ಮಳೆ ಗೊಬ್ಬರದ ಸಮೇತ ತೊಳೆದುಕೊಂಡು ಹೋಗುತ್ತದೆ. ಉಳಿದ ಗಿಡದ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಆಗಸ್ಟ್ ಹೊತ್ತಿಗೆ ಬರುವ ಜನವೂ ಕಡಿಮೆಯಾಗುತ್ತಾರೆ. ಕಾಲುವೆ, ಮಡಿಗಳ ಕೆಲಸ ಮಾರ್ಚ್–ಏಪ್ರಿಲ್‌ನಲ್ಲೇ ಮುಗಿಯಬೇಕು. ಇಂಥ ತರಕಾರಿ ಏನಿದ್ದರೂ ಸೆಪ್ಟೆಂಬರ್ ಮೊದಲ ವಾರದ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ಕಳೆದು, ಮಳೆ ಸಣ್ಣಗಾದ ಮೇಲೆ.

ಇಳಿಜಾರು ಜಾಗವಾದರೆ ಜೆಸಿಬಿ ತರಿಸಿ ಬರೆ (ಗುಡ್ಡದ ಕಡಿದಾದ ಬದಿ) ಕಡಿಸಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತೆಂದು ಎಲ್ಲರಿಗೂ ಗೊತ್ತು. ಸಮತಟ್ಟು ಮಾಡುವ ಬದಲು ಮಡಿಯನ್ನೇ ಇಳಿಜಾರಿಗೆ ಅಡ್ಡಲಾಗಿ ಹಾಕಿ. ಗಾರೆಯವರ ನೀರಿನ ಪೈಪ್ ಲೆವೆಲ್ ಇದ್ದರೆ ಗುರುತು ಹಾಕಲು ಸಾಕು. ಮಡಿ 3 ಅಡಿ ಅಗಲ, 1 ಅಡಿ ಎತ್ತರ ಇರಲಿ, ಎರಡೂ ಬದಿಯಿಂದ ಕೈ ನಡುವಿನವರೆಗೆ ಎಟುಕುತ್ತದೆ, ಯಾರೂ ಮಡಿ ತುಳಿಯಬೇಕಿಲ್ಲ. ನಡುವಿನ ಒಂದೂವರೆ ಅಡಿ ದಾರಿಯೇ ಕಾಲುವೆ. ಅದಕ್ಕೆ 10 ಅಡಿಗೆ 1 ಇಂಚು ಇಳಿತ ಕೊಡಿ. ಹೆಚ್ಚಾದರೆ ಮಣ್ಣು ಕೊಚ್ಚಿಹೋಗುತ್ತದೆ, ಕಡಿಮೆಯಾದರೆ ಹೂಳು ತುಂಬಿ ನೀರು ಮಡಿಗೆ ನುಗ್ಗುತ್ತದೆ. ಕಾಫಿ ತೋಟದ ರೂಢಿಯಂತೆ ಮಳೆನೀರು ಇಂಗಿಸುವ ಉದ್ದನೆಯ ತೊಟ್ಟಿಲು ಗುಂಡಿ ತೆಗೆಯುವ ಆಸೆ ಬರುತ್ತದೆ. ಸಣ್ಣ ಇಳಿಜಾರಿನಲ್ಲಿ ತೆಗೆಯಿರಿ. ಕಡಿದಾದ ಜಾಗದಲ್ಲಿ, ಅದರಲ್ಲೂ ಬರೆಯ ನೆತ್ತಿಯಲ್ಲಿ ಖಂಡಿತ ಬೇಡ. ಅಲ್ಲಿ ಇಂಗಿದ ನೀರೇ ಮಣ್ಣಿನ ಭಾರ ಹೆಚ್ಚಿಸಿ ಬರೆ ಜರಿಸುತ್ತದೆ. ಕೆಳಗಿನ ಅಂಚಿಗೆ ಅರ್ಧ ಅಡಿಗೊಂದರಂತೆ ಲಾವಂಚದ ಸಾಲು ನೆಡಿ.

ಮಣ್ಣಿನ ವಿಷಯಕ್ಕೆ ಬಂದರೆ, ಇಷ್ಟು ಮಳೆ ಬೀಳುವ ಕಡೆ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಎಷ್ಟು ಗೊಬ್ಬರ ಸುರಿದರೂ ಗಿಡ ಹಳದಿಯಾಗಿ ನಿಲ್ಲುವುದಕ್ಕೆ ಬಹಳ ಸಲ ಇದೇ ಕಾರಣ. ಮಣ್ಣು ಪರೀಕ್ಷೆ ಮಾಡಿಸಿ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹುಳಿ ಇದ್ದರೆ 100 ಚದರ ಅಡಿಗೆ ಸುಮಾರು 2 ಕೆ.ಜಿ. ಕೃಷಿ ಸುಣ್ಣ ಬೆರೆಸಿ, ಎರಡು ಮೂರು ವಾರ ಬಿಟ್ಟು ಗೊಬ್ಬರ ಕೊಡಿ. ಎರಡನ್ನೂ ಒಟ್ಟಿಗೆ ಹಾಕಿದರೆ ಸಗಣಿಯ ಸಾರಜನಕ ಗಾಳಿಗೆ ಹೋಗುತ್ತದೆ. ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ಮಾಡುವ ತೋಟಗಳಿಂದ ಕಾಫಿ ಹಣ್ಣಿನ ಸಿಪ್ಪೆ ಸಿಗುತ್ತದೆ, ಆದರೆ ಹಸಿಯಾಗಿ ಬುಡಕ್ಕೆ ಹಾಕಬೇಡಿ. ಅದು ಹುಳಿ, ಕೊಳೆಯುವಾಗ ಬಿಸಿಯೇರಿ ಎಳೆ ಬೇರು ಸುಡುತ್ತದೆ. ಒಣ ಎಲೆ, ಸಗಣಿ ಜೊತೆ ಪದರ ಪದರವಾಗಿ ಪೇರಿಸಿ, ತಿಂಗಳಿಗೊಮ್ಮೆ ಮಗುಚಿ, ಮೂರು ನಾಲ್ಕು ತಿಂಗಳು ಕೊಳೆಸಿ. ಮುಷ್ಟಿಯಲ್ಲಿ ಹಿಂಡಿದರೆ ನೀರು ಸುರಿಯದೆ ಬೆರಳು ಮಾತ್ರ ಒದ್ದೆಯಾಗುವಷ್ಟು ತೇವ ಸಾಕು. ಸಿಲ್ವರ್ ಓಕ್ ಎಲೆ ಬೇಗ ಕೊಳೆಯುವುದಿಲ್ಲ, ಅದನ್ನು ಮುಚ್ಚಿಗೆಗೆ ಇಟ್ಟುಕೊಳ್ಳಿ.

ಮಳೆಗಾಲಕ್ಕೆ ಕೆಸು, ಅರಿಶಿನ, ಗಾಂಧಾರಿ ಮೆಣಸು, ಒಂದೆಲಗ. ನೆರಳಿನ ಮೂಲೆಯಲ್ಲಿ ಮದ್ದು ಸೊಪ್ಪಿನ ಕಡ್ಡಿ ಊರಿ, ಈ ಹವೆಯಲ್ಲಿ ಸುಲಭವಾಗಿ ಬೇರು ಬಿಡುತ್ತದೆ. ಆ ಸೊಪ್ಪಿನ ಅಡುಗೆ ಮಾಡುವ ಕಕ್ಕಡ 18ಕ್ಕೆ (ಆಗಸ್ಟ್ ಮೊದಲ ವಾರ) ಇಡೀ ಬೀದಿ ಬಂದು ಸೊಪ್ಪು ಕೇಳುವಂತಾದರೆ ಆ ತೋಟಕ್ಕೆ ಕಾಯುವವರು ತಾನಾಗಿ ಹುಟ್ಟುತ್ತಾರೆ. ಟೊಮೆಟೊ ಮಾತ್ರ ಮಳೆಗಾಲದಲ್ಲಿ ಬೇಡ, ಅಂಗಮಾರಿ ರೋಗ ಬಿಡುವುದಿಲ್ಲ.

ಶನಿವಾರಸಂತೆ ಕಡೆಯವರಿಗೆ ಆಫ್ರಿಕನ್ ಬಸವನಹುಳುವಿನ ಕಾಟ ಹೇಳಬೇಕಿಲ್ಲ. ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯ ಎಲೆ ಇಟ್ಟು, ಬೆಳಗ್ಗೆ ಅಡಗಿದ್ದನ್ನು ಆರಿಸಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಕೈಗವಸು ಕಡ್ಡಾಯ, ಮನುಷ್ಯರ ಮೆದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳು ಅದರಲ್ಲಿರಬಹುದು. ಮಡಿಗೆ ನೇರವಾಗಿ ಉಪ್ಪು ಎರಚಿದರೆ ಮಣ್ಣೇ ಕೆಡುತ್ತದೆ.

ಬೇಸಿಗೆಯಲ್ಲಿ 100 ಚದರ ಅಡಿ ಮಡಿಗೆ ದಿನಕ್ಕೆ 40–50 ಲೀಟರ್ ನೀರು ಬೇಕು. ಸಾವಿರ ಲೀಟರ್ ಟ್ಯಾಂಕ್ ತುಂಬಿಟ್ಟರೂ ಅಷ್ಟು ಜಾಗಕ್ಕೆ ಬರುವುದು ಮೂರು ವಾರ. ಆದ್ದರಿಂದ ಫೆಬ್ರವರಿಯಿಂದ ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ ಅರ್ಧ ಮಡಿಗಳನ್ನು ಎಲೆ ಮುಚ್ಚಿ ಖಾಲಿ ಬಿಡುವುದೇ ಜಾಣತನ.

ಜಾಗಕ್ಕೆ ನಗರಸಭೆ, ಪುರಸಭೆ ಅಥವಾ ಪಂಚಾಯಿತಿಯ ಒಪ್ಪಿಗೆ ಬರಹದಲ್ಲೇ ಇರಲಿ. ಉದ್ಯಾನ, ಬಯಲು ಜಾಗ ಉಳಿಸಲು ರಾಜ್ಯದಲ್ಲಿ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ (ಸಂರಕ್ಷಣೆ ಮತ್ತು ನಿಯಂತ್ರಣ) ಕಾಯ್ದೆಯೇ ಇದೆ. ಅದರ ಹೆಸರು ಹೇಳಿ ಅರ್ಜಿ ಕೊಡಿ. ಇನ್ನು ಜನ. ತರಕಾರಿಗೆ ಅತ್ಯಂತ ಒಳ್ಳೆಯ ಕಾಲದಲ್ಲೇ ಕಾಫಿ ಕುಯ್ಲು ಬರುತ್ತದೆ, ಅರ್ಧ ಸ್ವಯಂಸೇವಕರಿಗೆ ತೋಟ, ಕಣ ಬಿಟ್ಟು ಬರಲಾಗುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯ ಪಾಳಿಗೆ ಕಾಫಿ ತೋಟವಿಲ್ಲದ ಮನೆಯವರನ್ನು, ನಿವೃತ್ತರನ್ನು ಸೆಪ್ಟೆಂಬರ್‌ನಲ್ಲೇ ಕೇಳಿ ಒಪ್ಪಿಸಿ, ಹೆಸರು ಬರೆದು ಗೇಟಿಗೆ ಅಂಟಿಸಿ. ಸಲಕರಣೆ ಕೋಣೆಯ ಬೀಗದ ಕೈ ಎರಡು ಮನೆಯಲ್ಲಿರಲಿ. ಇಷ್ಟಾದ ಮೇಲೆ ಬೀಜ ಕೊಳ್ಳಿ.